ಬಲೆ ಹಿಡಿದವನ ಮಾತು

ಲೋಧಿ ಕಾಲೋನಿ, ದಿಲ್ಲಿ
14 ಆಗಸ್ಟ್ 2005

ಇಂದುಶೇಖರ ಮಾಮನಿಗೆ ಹಿತೇಶನ ನಮಸ್ಕಾರ.

ದೊಡ್ಡಪ್ಪ ಹೋಟೆಲಿನ ಅಟ್ಟ ಖಾಲಿ ಮಾಡಿಸುತ್ತಿದ್ದಾರೆ. ಹಳೆಯ ಗ್ರೈಂಡರಿನ ಕಲ್ಲು, ಕಾಲು ಮುರಿದ ಬೆಂಚು, ಎಣ್ಣೆಯ ತಗಡಿನ ಡಬ್ಬಗಳು ಎಲ್ಲ ಕಬಾಡಿಯವನ ಗಾಡಿಗೆ ಹೋದವು. ಮೂಲೆಯಲ್ಲಿ ನೀವು ಬಿಟ್ಟುಹೋದ ಎರಡು ಮೀನು ಹಿಡಿಯುವ ರಾಡುಗಳಿವೆ. ಜಲಜತ್ತೆ ಹಳೆಯ ಪರದೆ ಬಟ್ಟೆಯಲ್ಲಿ ಹೊಲಿದುಕೊಟ್ಟ ಚೀಲದಲ್ಲೇ ಇವೆ. ದೊಡ್ಡಪ್ಪ ಅದನ್ನು ನೋಡಿ, "ಇದು ಯಾರದ್ದೋ ಏನೋ, ಸ್ವಲ್ಪ ವಿಚಾರಿಸು" ಎಂದರು. ಯಾರದ್ದೆಂದು ಅವರಿಗೆ ಚೆನ್ನಾಗಿ ಗೊತ್ತು. ನನ್ನಿಂದ ನಿಮಗೊಂದು ಕಾಗದ ಬರೆಸುವುದಕ್ಕೆ ಅವರಿಗೆ ಸಿಕ್ಕಿದ ದಾರಿ ಅದು.

ನಿಮ್ಮ ನಾಗಪುರದ ಫೋನ್ ನಂಬರು ಅವರ ಹತ್ತಿರ ಇದೆ. ನಾನು ಕೇಳಲಿಲ್ಲ. ಫೋನಾದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡಬಹುದು. ಕಾಗದವನ್ನು ಹರಿಯುವ ಮೊದಲು ಎರಡು ಸಾಲಾದರೂ ಓದುತ್ತೀರಿ.

ರಾಡುಗಳನ್ನು ಏನು ಮಾಡಲಿ? ಕೇಳಬೇಕಾದದ್ದು ಇಷ್ಟೇ. ಆದರೆ ಚೀಲ ಬಿಚ್ಚಿದಾಗ ಹುಳಿಹಿಟ್ಟಿನ ವಾಸನೆ ಬಂತು, ಇನ್ನೂ ನಾಲ್ಕು ಮಾತು ಬರೆಯಬೇಕೆನಿಸಿತು.

ನಾನು ಊರು ಬಿಟ್ಟು ದಿಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ಒಂದು ಶನಿವಾರ ಸಂಜೆ ನೀವು ಅಡಿಗೆಮನೆಯ ಹಿಂದಿನ ಬಾಗಿಲಿಗೆ ಸ್ಟೀಲ್ ಡಬ್ಬಿ ಹಿಡಿದು ಬಂದಿರಿ. "ಮೂರು ದಿನದ ದೋಸೆ ಹಿಟ್ಟು ಉಳಿದಿದ್ದರೆ ಎಸೀಬೇಡಪ್ಪ, ನನಗೆ ಕೊಡು."

"ಹುಳಿ ಆಗಿರುತ್ತೆ ಸಾರ್."

"ತಿನ್ನೋರಿಗೆ ಹುಳಿಯೇ ಬೇಕು."

"ಯಾರು ಸಾರ್ ತಿನ್ನೋರು?"

"ನಾಳೆ ಹೋಟೆಲಿಗೆ ರಜ ತಾನೆ? ಬಂದು ನೋಡು."

ನಿಮ್ಮ ಸ್ಕೂಟರಿನ ಹಿಂದೆ ಕೂತು ನಾನು ಮೊದಲ ಸಲ ದಿಲ್ಲಿ ದಾಟಿದ್ದು ಅವತ್ತು. ಗುಡಗಾಂವಿನಲ್ಲಿ ಆಗ ಅಲ್ಲೊಂದು ಇಲ್ಲೊಂದು ಎತ್ತರದ ಕಟ್ಟಡ, ನಡುವೆ ಸಾಸಿವೆ ಹೊಲ. ಅದನ್ನೂ ದಾಟಿ, ಕಲ್ಲುಗುಡ್ಡದ ಸಂದಿಯಲ್ಲಿ ಆ ಕೆರೆ, ಅಲ್ಲಿಯವರು ಝೀಲು ಎನ್ನುವುದು. ನಮ್ಮೂರಿನ ಕಡಲನ್ನು ನೋಡಿದವನಿಗೆ ಅದು ನೀರೇ ಅಲ್ಲ ಎನಿಸಿತ್ತು. ಸಂಜೆಯ ಹೊತ್ತಿಗೆ ಅದನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ.

ದಾರಿಯಲ್ಲಿ ನೀವು, "ಸ್ಕೂಲು ಯಾಕೆ ಬಿಟ್ಟೆ?" ಎಂದು ಕೇಳಿದಿರಿ. ಹತ್ತನೇ ಕ್ಲಾಸಿನ ಗಣಿತ ಪರೀಕ್ಷೆಯಲ್ಲಿ ಮೇಷ್ಟ್ರೇ ಬಂದು ಉತ್ತರ ಹೇಳಿಕೊಡುತ್ತಿದ್ದರು, ನನಗೆ ಸರಿ ಕಾಣಲಿಲ್ಲ, ಖಾಲಿ ಕಾಗದ ಕೊಟ್ಟು ಎದ್ದು ಬಂದೆ ಎಂದೆ. "ನಿನಗೆ ಉತ್ತರ ಬರುತ್ತಿತ್ತೇನು?" "ಇಲ್ಲ, ಅದೂ ಇತ್ತು." ನೀವು ನಕ್ಕ ನಗೆಗೆ ಸ್ಕೂಟರು ಅಲುಗಾಡಿತು. ಹೋಟೆಲಿಗೆ ಬರುವವರನ್ನೆಲ್ಲ ಸಾರ್ ಎನ್ನುತ್ತಿದ್ದವನು ಮರುದಿನದಿಂದ ನಿಮ್ಮನ್ನು ಮಾಮ ಎಂದೆ.

ಹುಳಿಹಿಟ್ಟಿಗೆ ಹುರಿಗಡಲೆ ಪುಡಿ, ಕಳಿತ ಬಾಳೆಹಣ್ಣು, ಚಿಟಿಕೆ ಇಂಗು. ಮುಷ್ಟಿಯಷ್ಟು ಉಂಡೆ, ಅದರ ಸುತ್ತ ನಾಲ್ಕು ಗಾಳ. ಕಾಟ್ಲಾ ಮೀನು ಕಚ್ಚುವುದಿಲ್ಲ, ಉಂಡೆಯನ್ನು ಪಾಯಸ ಹೀರುವ ಹಾಗೆ ಹೀರುತ್ತದೆ, ಒಂದಲ್ಲ ಒಂದು ಗಾಳ ಬಾಯಿಗೆ ಹೋಗುತ್ತದೆ ಎಂದು ಹೇಳಿಕೊಟ್ಟಿರಿ. ಎಷ್ಟು ದೊಡ್ಡದು ಸಿಕ್ಕರೂ ತೂಗಿ ನೀರಿಗೇ ಬಿಡುತ್ತಿದ್ದಿರಿ. ಚೌಕಿದಾರ ರಾಮ್‌ಫಲ್ ಪ್ರತಿ ಸಲವೂ, "ಖಾನಾ ನಹೀಂ ತೋ ಪಕಡ್‌ನಾ ಕ್ಯೂಂ, ಬಾಬೂಜೀ?" ತಿನ್ನದಿದ್ದ ಮೇಲೆ ಹಿಡಿಯುವುದೇಕೆ ಎನ್ನುತ್ತಿದ್ದ. ಅಲ್ಲಿ ಗಾಳ ಹಾಕುವವರ ಕ್ಲಬ್ಬಿನ ಸೆಕ್ರೆಟರಿ ಸಾನ್ಯಾಲ್ ಬಾಬು ಅಂತೂ, "ಇಂದು ಬಾಬು, ಬಿಡುವ ಮೊದಲು ನನಗೊಂದು ಮಾತು ಹೇಳಿ, ನಾನು ಆ ಕಡೆ ತಿರುಗಿ ಕೂರುತ್ತೇನೆ" ಎನ್ನುತ್ತಿದ್ದರು. ಮೀನು ತಿನ್ನುವ ಮನೆಯಲ್ಲಿ ಹುಟ್ಟಿದ ನನಗೂ ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಬಿಡುವುದನ್ನು ನೋಡುವುದಕ್ಕೇ ಬರುತ್ತಿದ್ದೆ.

ಆ ಒಂದು ದಿನದ ವಿಷಯವನ್ನು ನೀವು ಕಾಲೋನಿಯಲ್ಲಿ ಎಲ್ಲರಿಗೂ ಹೇಳಿದಿರಿ. ನಾನು ಯಾರಿಗೂ ಹೇಳಲಿಲ್ಲ, ನಿಮಗೂ ಹೇಳಲಿಲ್ಲ. ಒಂದು ಸಲ ಬರೆಯುತ್ತೇನೆ.

2003ರ ಅಕ್ಟೋಬರ್ ಹನ್ನೆರಡು, ಕ್ಲಬ್ಬಿನ ವರ್ಷದ ಪಂದ್ಯ. ಹನ್ನೊಂದೂವರೆಗೆ ನಿಮ್ಮ ರೀಲು ಕೂಗಿತು. ನಲವತ್ತು ನಿಮಿಷ ನೀವು ಆ ಕಾಟ್ಲಾವನ್ನು ಆಡಿಸಿದಿರಿ. ನಾನು ಕೈಬಲೆ ಹಿಡಿದು ಮೊಣಕಾಲು ನೀರಿನಲ್ಲಿ ನಿಂತಿದ್ದೆ. ಮೀನು ಬಲೆಗೆ ಬಂದಾಗ ಗಾಳ ಬಾಯಲ್ಲಿರಲಿಲ್ಲ. ಎದೆಯ ರೆಕ್ಕೆಯ ಹಿಂದೆ, ಪಕ್ಕೆಗೆ ಚುಚ್ಚಿಕೊಂಡಿತ್ತು. ಮೀನು ನೀರಿನಾಚೆ ಹೆಚ್ಚು ಹೊತ್ತು ಇರಬಾರದೆಂದು ನೀವೇ ಕಲಿಸಿದ್ದಿರಿ. ಬೇಗ ಗಾಳ ಬಿಡಿಸಿ ಒದ್ದೆ ಗೋಣಿಯ ಮೇಲಿಟ್ಟೆ. ತಕ್ಕಡಿ ಹದಿನಾಲ್ಕೂವರೆ ಕಿಲೋ ತೋರಿಸಿತು. ಕ್ಲಬ್ಬಿನ ಗುಡಿಸಲಿನಲ್ಲಿ, ವರ್ಷ ವರ್ಷ ಗೆದ್ದವರ ಹೆಸರು ಬರೆಯುವ ಬೋರ್ಡಿನ ಮುಂದೆ ಪೇಂಟರ್ ಕುಂಚ ಹಿಡಿದು ಸ್ಟೂಲು ಹತ್ತಿದ್ದ. ಸಾನ್ಯಾಲ್ ಬಾಬು ರಿಜಿಸ್ಟರ್ ತೆಗೆದು ವಾಡಿಕೆಯಂತೆ ಕೇಳಿದರು: "ಬಲೆ ಯಾರದು? ಗಾಳ ಎಲ್ಲಿತ್ತು?"

ಬಾಯಿಗೆ ಸಿಕ್ಕ ಮೀನಿಗೆ ಮಾತ್ರ ಬೋರ್ಡು. ಮೈಗೆ ಚುಚ್ಚಿದ್ದು ಲೆಕ್ಕಕ್ಕಿಲ್ಲ. ಹಿಡಿಯುವವನ ಕಣ್ಣು ರಾಡಿನ ತುದಿಯ ಮೇಲಿರುತ್ತದೆ, ಬಲೆಯವನ ಕಣ್ಣು ಮೀನಿನ ಮೇಲಿರುತ್ತದೆ, ಆದ್ದರಿಂದ ಬಲೆ ಹಿಡಿದವನ ಮಾತೇ ಕೊನೆ. ಈ ನಿಯಮವನ್ನು ನನಗೆ ಹೇಳಿಕೊಟ್ಟವರೂ ನೀವೇ. "ಪಕ್ಕೆಯಲ್ಲಿತ್ತು" ಎಂದೆ.

ನೀವು ನನ್ನೊಡನೆ ಯಾವತ್ತೂ ಕನ್ನಡದಲ್ಲೇ ಮಾತಾಡುತ್ತಿದ್ದಿರಿ. ಅವತ್ತು ಹಿಂದಿಯಲ್ಲಿ ಎಲ್ಲರಿಗೂ ಹೇಳಿದಿರಿ: "ದಸ್ವೀಂ ಸೇ ಭಾಗಾ ಹುವಾ ಲಡ್‌ಕಾ ಹೈ. ಇಸೇ ಮೂಂಹ್ ಔರ್ ಪೇಟ್ ಕಾ ಫರ್ಕ್ ಕ್ಯಾ ಪತಾ." ಎಲ್ಲರೂ ನಕ್ಕರು. ಹತ್ತನೇ ಕ್ಲಾಸಿನಿಂದ ಓಡಿ ಬಂದವನು ಎನ್ನುವುದು ನಿಜ. ಬಾಯಿಗೂ ಹೊಟ್ಟೆಗೂ ವ್ಯತ್ಯಾಸ ಗೊತ್ತಿಲ್ಲದವನು ಎನ್ನುವುದು ನಿಜವಲ್ಲ.

ಬರೆದಿದ್ದ ಮೊದಲ ಎರಡು ಅಕ್ಷರಗಳನ್ನು ಪೇಂಟರ್ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ. ಅವತ್ತು ಬೇರೆ ಯಾರಿಗೂ ಬೋರ್ಡಿಗೆ ಬರುವಂಥದ್ದು ಸಿಗಲಿಲ್ಲ, 2003ರ ಮುಂದೆ ಈಗಲೂ ಖಾಲಿ ಇದೆಯಂತೆ. ನೀವು ಮೀನನ್ನು ನೀರಿಗೆ ಬಿಟ್ಟು ಬಂದು, ನನ್ನನ್ನು ಅಲ್ಲೇ ಬಿಟ್ಟು ಸ್ಕೂಟರು ಹತ್ತಿದಿರಿ. ಜನವರಿಯಲ್ಲಿ ನಿಮಗೆ ವರ್ಗವಾಯಿತೆಂದು ದೊಡ್ಡಪ್ಪ ಹೇಳಿ ನನಗೆ ತಿಳಿಯಿತು.

ರಾಡುಗಳ ಬಗ್ಗೆ ತಿಳಿಸಿ.

ಹಿತೇಶ್

*

ಸಿವಿಲ್ ಲೈನ್ಸ್, ನಾಗಪುರ
6 ಸೆಪ್ಟೆಂಬರ್ 2005

ಚಿರಂಜೀವಿ ಹಿತೇಶನಿಗೆ ಜಲಜತ್ತೆಯ ಆಶೀರ್ವಾದ.

ನಿನ್ನ ಕಾಗದ ತಲುಪಿ ಹದಿನೈದು ದಿನವಾಯಿತು. ನಿಮ್ಮ ಮಾಮ ಕವರಿನ ಮೇಲಿನ ಅಕ್ಷರ ನೋಡಿ ಒಡೆಯದೆ ಪೇಪರಿನ ಕಟ್ಟಿನ ಕೆಳಗೆ ಇಟ್ಟರು. ಹಳೆಯ ಪೇಪರ್ ರದ್ದಿಗೆ ಹಾಕುವಾಗ ನನಗೆ ಸಿಕ್ಕಿತು. ನಾನೇ ಓದಿದೆ. ನೀನು ಇಷ್ಟು ಚೆನ್ನಾಗಿ ಬರೆಯುತ್ತೀ ಎಂದು ಗೊತ್ತಿರಲಿಲ್ಲ.

ರಾಡುಗಳನ್ನು ಏನು ಮಾಡಬೇಕೆಂದು ಕೇಳಿದೆ. "ಯಾರಿಗಾದರೂ ಕೊಡಲಿ" ಅಂದರು. ನೀನು ಯಾರಿಗೂ ಕೊಡಬೇಡ, ಇಟ್ಟುಕೋ.

ಇಲ್ಲಿಯೂ ಒಂದು ದೊಡ್ಡ ಕೆರೆ ಇದೆ. ಭಾನುವಾರ ವಾಕಿಂಗ್ ಅಂತ ಹೋಗಿ ಗಾಳ ಹಾಕಿದವರ ಹಿಂದೆ ನಿಂತು ನೋಡುತ್ತಾರೆ. ಮುಟ್ಟುವುದಿಲ್ಲ. ಒಬ್ಬ ಮರಾಠಿ ಮುದುಕ, "ಘ್ಯಾ ಸಾಹೇಬ್, ತಗೊಳ್ಳಿ, ನೀವೂ ಒಂದು ಸಲ ಎಸೀರಿ" ಅಂದನಂತೆ. ಇವರು, "ನನಗೆ ಬರುವುದಿಲ್ಲ" ಅಂದರಂತೆ. ಅದನ್ನು ಮನೆಗೆ ಬಂದು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ನಿನಗೊಂದು ವಿಷಯ ಹೇಳುತ್ತೇನೆ. ಲೋಧಿ ಕಾಲೋನಿಯ ಆ ಕ್ವಾರ್ಟರಿನಲ್ಲಿ ನಾವು ಇಪ್ಪತ್ತೆಂಟು ವರ್ಷ ಇದ್ದೆವು. ನಮ್ಮ ಸಾಮಾನು ಇನ್ನೂ ಲಾರಿಗೆ ಹಾಕುತ್ತಿದ್ದಾಗಲೇ ಇಲಾಖೆಯವನು ಬಂದು ಬಾಗಿಲ ಮೇಲಿನ ಹೆಸರಿಗೆ ಸುಣ್ಣ ಬಳಿದ. ಮಾಮ ಅದನ್ನು ನಿಂತು ನೋಡಿದರು. "ನೋಡು ಜಲಜಾ, ಈ ಊರಿನಲ್ಲಿ ಎಲ್ಲೂ ನನ್ನ ಹೆಸರು ಉಳಿಯಲಿಲ್ಲ" ಎಂದರು. ಆ ಬೋರ್ಡಿನ ಬಗ್ಗೆಯೇ ಹೇಳಿದ್ದೆಂದು ನನಗೆ ಗೊತ್ತು. ಹನ್ನೊಂದು ವರ್ಷ ಆ ಒಂದು ಸಾಲಿಗೆ ಕಾದಿದ್ದರು.

ನಿನ್ನದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅವರು ಹಠಮಾರಿ, ನೀನು ಅವರಿಗಿಂತ ಹಠಮಾರಿ. ನಿನ್ನ ದೊಡ್ಡಪ್ಪ ಸುಧಾಕರಣ್ಣನ ಮಂಡಿನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ಜಲಜಾ

*

ಓಖ್ಲಾ ಫೇಸ್ ಎರಡು, ದಿಲ್ಲಿ
25 ಅಕ್ಟೋಬರ್ 2005

ಇಂದು ಮಾಮನಿಗೆ ನಮಸ್ಕಾರ.

ಈ ಕಾಗದವನ್ನು ಜಲಜತ್ತೆ ಓದಿದರೂ ಸರಿ, ನಿಮ್ಮ ಮುಂದೆ ಗಟ್ಟಿಯಾಗಿ ಓದಲಿ.

ಮೇಲಿನ ವಿಳಾಸ ನೋಡಿರುತ್ತೀರಿ. ಹೋಟೆಲು ಬಿಟ್ಟೆ. ದೊಡ್ಡಪ್ಪನ ಜೊತೆ ಜಗಳವೇನಿಲ್ಲ. ಒಂದೇ ಕಡೆ ನಿಂತರೆ ನನ್ನ ಪಾದ ಉರಿಯುತ್ತದೆ. ಇಲ್ಲಿ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮಷೀನಿಗೆ ಹಾಕಿದ್ದಾರೆ. ಎಷ್ಟು ದಿನ ಇರುತ್ತೇನೋ ಗೊತ್ತಿಲ್ಲ.

ಮೊದಲು ಒಂದು ತಪ್ಪೊಪ್ಪಿಗೆ. ನಿಮ್ಮನ್ನು ಕೇಳದೆ ನಿಮ್ಮ ಉದ್ದದ ರಾಡನ್ನು ಝೀಲಿಗೆ ಒಯ್ದೆ. ಎರಡು ವರ್ಷದ ಮೇಲೆ ಮೊದಲ ಸಲ ಹೋದದ್ದು. ಈಗ ಬಸ್ಸಿನ ಕಿಟಕಿಯಿಂದ ಸಾಸಿವೆ ಹೊಲ ಕಾಣುವುದಿಲ್ಲ. ಗಾಜಿನ ಕಟ್ಟಡ, ಕ್ರೇನು, ಮತ್ತೆ ಗಾಜಿನ ಕಟ್ಟಡ. ಝೀಲಿನ ನೀರು ನಾವು ಕೂರುತ್ತಿದ್ದ ಬಂಡೆಯಿಂದ ಮೂವತ್ತು ಹೆಜ್ಜೆ ಕೆಳಗೆ ಹೋಗಿದೆ. ರಾಮ್‌ಫಲ್ ನನ್ನನ್ನು ನೋಡಿ, "ಅರೇ, ಸಚ್ ಬೋಲ್‌ನೇವಾಲಾ ಆ ಗಯಾ" ಎಂದ, ನಿಜ ಹೇಳುವವನು ಬಂದ ಅಂತ. ಹೊಗಳಿದನೋ ಹಂಗಿಸಿದನೋ ತಿಳಿಯಲಿಲ್ಲ.

ಸಾನ್ಯಾಲ್ ಬಾಬು ನನಗೆ ಬಲೆ ಹಿಡಿದರು. ಹನ್ನೆರಡು ಗಂಟೆಗೆ ಒಂದು ಕಾಟ್ಲಾ ಬಂತು, ಆರು ಕಿಲೋ ಇರಬಹುದು. ಅವರು ಬಲೆಯೊಳಗೆ ಬಗ್ಗಿ ನೋಡಿ, "ಹಿತೇಶ್, ಪಕ್ಕೆಯಲ್ಲಿ. ಬೋರ್ಡಿನ ಲೆಕ್ಕಕ್ಕಿಲ್ಲ, ಸಾಸಿವೆ ಮಸಾಲೆಯ ಲೆಕ್ಕಕ್ಕೆ ಇದೆ" ಎಂದರು. ನಾನು ಅದನ್ನು ಬಿಡಲಿಲ್ಲ ಮಾಮ. ಅವರಿಗೇ ಕೊಟ್ಟೆ. ದಡದಲ್ಲೇ ಕೂತು ಹೆಚ್ಚಿಕೊಟ್ಟೆ.

ತಲೆ ಬೇರೆ ಮಾಡುವಾಗ ಮೇಲ್ತುಟಿಯಲ್ಲಿ ಏನೋ ಬೆರಳಿಗೆ ಚುಚ್ಚಿತು. ಗಾಳದ ಮುರಿದ ಮೊನೆ. ತುಟಿ ಉದ್ದಕ್ಕೆ ಹರಿದಿತ್ತು, ಹಸಿ ಗಾಯ. ಎದ್ದು ಹೋಗಿ ದಾರ ನೋಡಿದೆ. ಉಂಡೆಯ ಸುತ್ತಲಿನ ನಾಲ್ಕು ಗಾಳದಲ್ಲಿ ಒಂದರ ಮೊನೆ ಇರಲಿಲ್ಲ. ಏನಾಗಿತ್ತೆಂದರೆ, ಮೀನು ಉಂಡೆ ಹೀರಿದಾಗ ಒಂದು ಗಾಳ ಸರಿಯಾಗಿ ಬಾಯಿಗೇ ಸಿಕ್ಕಿದೆ. ಒದ್ದಾಡುವಾಗ ಜೋತಾಡುತ್ತಿದ್ದ ಇನ್ನೊಂದು ಗಾಳ ಪಕ್ಕೆಗೆ ಚುಚ್ಚಿದೆ. ಆಮೇಲೆ ಬಾಯಿಯದು ಮುರಿದು, ಪಕ್ಕೆಯದು ಉಳಿದಿದೆ. ಬಲೆ ಹಿಡಿದವನಿಗೆ ಕಾಣುವುದು ಉಳಿದದ್ದು ಮಾತ್ರ.

ಸಾನ್ಯಾಲ್ ಬಾಬು ಮುರಿದ ಮೊನೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: "ಇಂದು ಬಾಬುವಿನ ಮೀನಿನ ಬಾಯಿ ನೀನು ನೋಡಿದ್ದೆಯಾ?"

"ಇಲ್ಲ."

"ಯಾರೂ ನೋಡಲಿಲ್ಲ. ನಮ್ಮಲ್ಲಿ ಯಾರು ಹಿಡಿದಿದ್ದರೂ ಮನೆಗೆ ಒಯ್ದು ತಲೆ ಸೀಳುತ್ತಿದ್ದೆವು. ಸಂಜೆಯೊಳಗೆ ನಿಜ ಗೊತ್ತಾಗುತ್ತಿತ್ತು. ಅವರು ತಿನ್ನದ ಮನುಷ್ಯ. ಸಾಕ್ಷಿಯನ್ನೇ ನೀರಿಗೆ ಬಿಟ್ಟರು."

ತುಟಿ ಹರಿದಿದ್ದರೆ ಬಾಯಿಗೆ ಸಿಕ್ಕ ಮೀನೇ, ನಿಯಮದಲ್ಲಿ ಹಾಗೇ ಇದೆಯಂತೆ. "ನಾನು ತಪ್ಪು ನೋಡಿದೆ ಎಂದು ಕಮಿಟಿಯ ಮುಂದೆ ಒಂದು ಮಾತು ಹೇಳು. ಬರುವ ಭಾನುವಾರವೇ ಹೆಸರು ಬರೆಸುತ್ತೇನೆ" ಎಂದರು.

ಹಾಗೆ ಹೇಳಲಾರೆ ಎಂದೆ. ನಾನು ತಪ್ಪು ನೋಡಲಿಲ್ಲ ಮಾಮ. ಕಡಿಮೆ ನೋಡಿದೆ. ಎರಡೂ ಒಂದೇ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೆ ನಿಮ್ಮ ಹೆಸರನ್ನು ಅಳಿಸುವಷ್ಟು ನಾನು ನೋಡಿದ್ದೆನೇ ಎಂದು ಮೂರು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ಮಷೀನಿನ ಮುಂದೆ ಇದೇ ಯೋಚನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬರೆಯಿರಿ.

ಹಿತೇಶ್

*

ನಾಗಪುರ
20 ನವೆಂಬರ್ 2005

ಹಿತೇಶ,

ಈ ಕಾಗದವನ್ನು ನಿಮ್ಮ ಮಾಮ ತಾವೇ ಒಡೆದು ಓದಿದರು. ಮೂರು ಸಲ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಕೆರೆಯ ಕಡೆ ಹೋದವರು ಊಟದ ಹೊತ್ತು ಮೀರಿ ಬಂದರು. ಏನಾಯಿತು ಅಂದರೆ ಏನಿಲ್ಲ ಅನ್ನುತ್ತಾರೆ. ನಿನಗೆ ಬರೆಯಿರಿ ಅಂದೆ. ಪೆನ್ನು ಹಿಡಿದು ಕೂತರು, ತಾರೀಖು ಹಾಕಿದರು, ಎದ್ದರು. ಹಾಗೆ ನಾಲ್ಕು ದಿನ ಮಾಡಿದರು.

ಸಂತೋಷಕ್ಕೇ ಹೀಗಾಗಿರಬೇಕು ಅಂತ ನಾನು ತಿಳಿದಿದ್ದೇನೆ.

ಮೇ ತಿಂಗಳಲ್ಲಿ ರಿಟೈರ್ ಆಗುತ್ತಾರೆ. ತಪ್ಪು ನೋಡಿದೆ, ಕಡಿಮೆ ನೋಡಿದೆ ಅನ್ನುವುದರಲ್ಲಿ ನಿನಗೆ ಏನು ಹೋಗುತ್ತದೆ ಮಗೂ? ಒಂದು ಮಾತು ತಾನೆ. ಸಾನ್ಯಾಲರು ಹೇಳಿದ ಹಾಗೆ ಮಾಡು. ನಾನು ನಿನ್ನನ್ನು ಬೇರೇನೂ ಕೇಳಿಲ್ಲ.

ಜಲಜಾ

*

ಓಖ್ಲಾ
16 ಜನವರಿ 2006

ಇಂದು ಮಾಮನಿಗೆ, ಜಲಜತ್ತೆಗೆ ನಮಸ್ಕಾರ.

ನಿನ್ನೆ ಕ್ಲಬ್ಬಿನ ಮೀಟಿಂಗಿತ್ತು. ಮಂಜು ಎಷ್ಟಿತ್ತೆಂದರೆ ಗುಡಿಸಲಿನ ಬಾಗಿಲಿನಿಂದ ನೀರು ಕಾಣುತ್ತಿರಲಿಲ್ಲ. ರಾಮ್‌ಫಲ್ ತಗಡಿನಲ್ಲಿ ಬೆಂಕಿ ಹಾಕಿದ್ದ. ಹದಿಮೂರು ಜನ ಬಂದಿದ್ದರು.

ಮೊದಲು ಕೆಟ್ಟ ಸುದ್ದಿ. ಝೀಲಿನ ಗುತ್ತಿಗೆ ಮಾರ್ಚ್ ಕೊನೆಗೆ ಮುಗಿಯುತ್ತದೆ, ಮುಂದಕ್ಕೆ ಇಲ್ಲ. ಹೇಗೂ ಇನ್ನೆರಡು ಬೇಸಿಗೆಗೆ ನೀರೇ ಉಳಿಯುವುದಿಲ್ಲ ಎನ್ನುತ್ತಾರೆ. ಮಾರ್ಚ್ ಇಪ್ಪತ್ತಾರರ ಭಾನುವಾರ ಎಲ್ಲರೂ ಕೊನೆಯ ಸಲ ಸೇರುವುದು, ಆಮೇಲೆ ಗುಡಿಸಲು ಬಿಚ್ಚುವುದು ಎಂದಾಯಿತು. ಬೋರ್ಡು ಸಾನ್ಯಾಲ್ ಬಾಬುವಿನ ಮನೆಗೆ ಹೋಗುತ್ತದೆ.

ಆಮೇಲೆ ಸಾನ್ಯಾಲ್ ಬಾಬು ನನ್ನನ್ನು ಎಬ್ಬಿಸಿದರು. ನಾನು ಆಡಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ, ಒಂದು ಶಬ್ದವೂ ಹೆಚ್ಚು ಕಡಿಮೆ ಇರಬಾರದು.

"ಅವತ್ತು ಗಾಳ ಪಕ್ಕೆಯಲ್ಲಿತ್ತು. ಅದು ನಾನು ಕಣ್ಣಾರೆ ಕಂಡದ್ದು, ಬದಲಾಗುವುದಿಲ್ಲ. ಬಾಯಿಯನ್ನು ನಾನು ನೋಡಲಿಲ್ಲ. ಬಾಯಿಗೆ ಮೊದಲು ಸಿಕ್ಕಿರಬಹುದು. ಸಿಕ್ಕಿಲ್ಲದೆಯೂ ಇರಬಹುದು. ಬಾಯಿ ನೋಡದೆ ಮಾತಾಡಿದ್ದು ನನ್ನ ತಪ್ಪು."

ಒಬ್ಬರು, "ತೋ ಫಿರ್ ಪಹಲೇ ಚುಪ್ ರಹನಾ ಥಾ," ಹಾಗಾದರೆ ಮೊದಲೇ ಸುಮ್ಮನಿರಬೇಕಿತ್ತು ಎಂದರು. ಇನ್ನೊಬ್ಬರು, "ಅನುಮಾನ ಇದ್ದರೆ ಅದರ ಲಾಭ ಹಿಡಿದವನಿಗೆ ಹೋಗಬೇಕು" ಎಂದರು. ಹನ್ನೊಂದು ಕೈ ಮೇಲೆದ್ದವು. ಪೇಂಟರನ್ನು ಸಾನ್ಯಾಲ್ ಬಾಬು ಮೊದಲೇ ಕರೆಸಿಟ್ಟಿದ್ದರು. 2003ರ ಮುಂದೆ ಈಗ ನಿಮ್ಮ ಹೆಸರಿದೆ. ಹಳದಿ ಬಣ್ಣ, ಉಳಿದ ಹೆಸರುಗಳಿಗಿಂತ ಹೊಳೆಯುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನನಗೆ ಹಗುರಾಗಬೇಕಿತ್ತು, ಆಗಲಿಲ್ಲ. ಸುಳ್ಳೇನೂ ಹೇಳಿಲ್ಲ ಎಂದು ಬಸ್ಸಿನಲ್ಲಿ ಎರಡು ಸಲ ಮನಸ್ಸಿನಲ್ಲೇ ತಿರುವಿ ನೋಡಿಕೊಂಡೆ. ಅದಿರಲಿ. ಎರಡು ವರ್ಷ ನಿಮ್ಮ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ನೀವು ನನಗೆ ಅವಮಾನ ಮಾಡಿದಾಗ ನಿಜ ನಿಮ್ಮ ಕಡೆಯೇ ಇದ್ದಿರಬಹುದು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಕ್ಷಮಿಸಿ.

ಹಿತೇಶ್

*

ನಾಗಪುರ
12 ಫೆಬ್ರವರಿ 2006

ಹಿತೇಶನಿಗೆ ಇಂದುಶೇಖರನ ಆಶೀರ್ವಾದಗಳು.

ಮೂವತ್ತೈದು ವರ್ಷ ಸ್ಟೆನೋ ಆಗಿ ಇನ್ನೊಬ್ಬರು ಹೇಳಿದ್ದನ್ನು ಬರೆದುಕೊಳ್ಳುವುದೇ ನನ್ನ ಕೆಲಸ. ಸ್ವಂತದ್ದನ್ನು ಬರೆಯಲು ಕೂತರೆ ಕೈ ಓಡುವುದಿಲ್ಲ. ನವೆಂಬರಿನಿಂದ ಈ ಕಾಗದವನ್ನು ಎಷ್ಟು ಸಲ ಶುರುಮಾಡಿದೆನೋ ಲೆಕ್ಕವಿಲ್ಲ. ನಿನ್ನ ಜನವರಿಯ ಕಾಗದದಲ್ಲಿ ಕೊನೆಯ ಶಬ್ದ ಓದಿದ ಮೇಲೆ ಇನ್ನು ಬರೆಯದಿರುವುದು ಸಾಧ್ಯವಾಗಲಿಲ್ಲ.

ಅವತ್ತು ನೀನು "ಪಕ್ಕೆಯಲ್ಲಿತ್ತು" ಎಂದಾಗ ನಾನು ನಿಜವಾಗಿಯೂ ನಂಬಲಿಲ್ಲ. ಹುಡುಗ ದುಡುಕಿದ ಎಂದುಕೊಂಡೆ. ಆಡಬಾರದ ಮಾತು ಆಡಿದೆ. ಅಲ್ಲಿಯವರೆಗಿನದು ಸಿಟ್ಟು, ಅದಕ್ಕೆ ಏನಾದರೂ ಸಮಾಧಾನ ಹೇಳಿಕೊಳ್ಳಬಹುದು.

ಆಮೇಲೆ ಮೀನನ್ನು ಗೋಣಿಯಲ್ಲಿ ಎತ್ತಿಕೊಂಡು ಒಬ್ಬನೇ ನೀರಿಗೆ ಇಳಿದೆ. ಅವರೆಲ್ಲ ಗುಡಿಸಲಿನಲ್ಲಿ ವಾದಿಸುತ್ತಿದ್ದರು. ಅದರ ತಲೆಯನ್ನು ಎಡಗೈಯಲ್ಲಿ ಆತು ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಬಾಯಿ ಬಿಡಿಸಿದೆ. ಹರಿದ ಗುರುತು ಸಿಕ್ಕರೆ ನಿನ್ನನ್ನು ಕೂಗಿ ಕರೆದು ತೋರಿಸಬೇಕೆಂದೇ ಬಿಡಿಸಿದ್ದು. ಮೇಲ್ತುಟಿ, ಕೆಳತುಟಿ, ಒಳಗಿನ ಮೃದು ಭಾಗ, ಎರಡು ಸಲ ಬೆರಳಾಡಿಸಿ ನೋಡಿದೆ. ಒಂದು ಗೀರೂ ಇರಲಿಲ್ಲ. ಆ ಬಾಯಿಗೆ ಗಾಳ ತಾಗಿಯೇ ಇರಲಿಲ್ಲ. ನೀನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮೀನು ಕೈಯಿಂದ ಜಾರಿ ಹೋಯಿತು. ನಾನು ನೀರಿನಲ್ಲಿ ನಿಂತೇ ಇದ್ದೆ. ಮೇಲೆ ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. "ಹುಡುಗ ಸರಿ, ನಾನು ತಪ್ಪು." ಹನ್ನೊಂದು ವರ್ಷದ ಭಾನುವಾರಗಳು ಅಡ್ಡ ಬಂದವು. ಹೇಗೂ ಹೆಸರು ಅಳಿಸುತ್ತಾರೆ, ಹೋಗುವುದಾದರೆ ಅನ್ಯಾಯಕ್ಕೆ ಒಳಗಾದವನ ಹಾಗೆ ಹೋಗೋಣ ಎನ್ನಿಸಿತು. ಹಾಗೆಯೇ ಹೋದೆ. ಕಾಲೋನಿಯಲ್ಲಿ, ಆಫೀಸಿನಲ್ಲಿ, ಸುಧಾಕರನ ಹೋಟೆಲಿನಲ್ಲಿ, ಕೊನೆಗೆ ಜಲಜಾಳ ಹತ್ತಿರವೂ ಅನ್ಯಾಯಕ್ಕೆ ಒಳಗಾದವನ ಹಾಗೆಯೇ ಬದುಕಿದೆ. ನಿನ್ನನ್ನು ನಿನ್ನ ದೊಡ್ಡಪ್ಪ ಬೈದದ್ದು ನನಗೆ ತಿಳಿದಿತ್ತು. ಸುಮ್ಮನಿದ್ದೆ.

ಈಗ ನೀನು ಹೋಗಿ ಹದಿಮೂರು ಜನರ ಮುಂದೆ ನಿಂತು ನಿನ್ನ ಕಣ್ಣಿನ ಮೇಲೇ ಸಂಶಯಪಟ್ಟು, ನನ್ನಲ್ಲಿ ಕ್ಷಮೆ ಕೇಳಿದ್ದೀ. ಆ ಹೆಸರು ಅಲ್ಲಿ ಇರಬಾರದು. ಸಾನ್ಯಾಲರಿಗೆ ಈ ಕಾಗದ ತೋರಿಸು, ಅಳಿಸಿಬಿಡು.

ಜಲಜಾಗೆ ನಿನ್ನೆ ಹೇಳಿದೆ. ಅವಳು ನಿನ್ನ ಕಾಗದಗಳನ್ನು ತೆಗೆದು ಮತ್ತೆ ಓದಿದಳು. ಆಮೇಲೆ, "ಆ ಮಗುವಿಗೆ ನಾನು ಸುಳ್ಳು ಹೇಳು ಅಂತ ಬರೆದಿದ್ದೆನಲ್ಲಾ" ಎಂದಳು.

ಇಂದುಶೇಖರ

*

ಓಖ್ಲಾ
2 ಮಾರ್ಚ್ 2006

ಮಾಮ,

ನಿಮ್ಮ ಕಾಗದ ಪ್ರೆಸ್ಸಿನ ವಿಳಾಸಕ್ಕೆ ಬಂತು. ಮಷೀನು ನಿಲ್ಲಿಸಿ ಓದಿದೆ. ಮೇಸ್ತ್ರಿ, "ಘರ್ ಮೇಂ ಸಬ್ ಠೀಕ್?" ಎಂದು ಕೇಳಿದ. ಮನೆಯಲ್ಲಿ ಎಲ್ಲ ಸರಿಯಿದೆ ಎಂದೆ. ಅರ್ಧ ದಿನ ರಜ ಹಾಕಿ ಯಮುನೆಯ ಬ್ಯಾರೇಜಿನ ತನಕ ನಡೆದೆ.

ಮೊದಲು ಸಂತೋಷವಾಯಿತು. ನನ್ನ ಕಣ್ಣು ಸರಿಯಾಗಿತ್ತು ಎಂದು. ಆ ಸಂತೋಷ ಎಷ್ಟು ಹೊತ್ತು ಇತ್ತೋ ಅಷ್ಟು ಹೊತ್ತೂ ನಿಮ್ಮ ನೆನಪೇ ಬರಲಿಲ್ಲ. ಆಮೇಲೆ ಸಿಟ್ಟು ಬಂತು. ಎರಡು ವರ್ಷ ಹೋಟೆಲಿಗೆ ಬರುವ ಕ್ಲಬ್ಬಿನವರು ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳುವಾಗ ಮುಖ ನೋಡುತ್ತಿರಲಿಲ್ಲ. ದೊಡ್ಡಪ್ಪ, "ಹಿರಿಯರ ಮರ್ಯಾದೆ ತೆಗೆದೆ" ಎಂದು ಬೈದಿದ್ದು ಒಂದು ಸಲವಲ್ಲ. ನೀರಿನಲ್ಲಿ ನಿಂತು ನೀವು ಒಂದು ಸಲ ನನ್ನ ಕಡೆ ತಿರುಗಿದ್ದರೆ ಸಾಕಿತ್ತು. ಬೋರ್ಡಿಗೆ ಹೇಳಬೇಕಿರಲಿಲ್ಲ, ನನಗೊಬ್ಬನಿಗೆ ಹೇಳಿದ್ದರೆ ಸಾಕಿತ್ತು. ಅದನ್ನು ಬರೆಯದೆ ಬಿಟ್ಟರೆ ಮುಂದಿನ ಮಾತು ಸುಳ್ಳಾಗುತ್ತದೆ, ಆದ್ದರಿಂದ ಬರೆದೆ.

ನಿಮ್ಮ ಕಾಗದವನ್ನು ಸಾನ್ಯಾಲ್ ಬಾಬುವಿಗೆ ತೋರಿಸುವುದಿಲ್ಲ. ಹೆಸರನ್ನೂ ಅಳಿಸುವುದಿಲ್ಲ. ಆ ಗುಡಿಸಲಿನಲ್ಲಿ ನಿಮ್ಮ ಮೀನಿನ ಬಗ್ಗೆ ನಾನು ಎರಡು ಸಲ ಮಾತಾಡಿದ್ದೇನೆ. ಒಂದು ಸಲ ನಕ್ಕರು, ಒಂದು ಸಲ ಚಪ್ಪಾಳೆ ತಟ್ಟಿದರು. ಎರಡು ಸಲವೂ ಮೀನಿನ ಬಾಯಿ ನೋಡಿದವನು ಅಲ್ಲಿ ಮಾತಾಡಲಿಲ್ಲ. ಮೂರನೆಯ ಸಲ ನಾನೇ ಎದ್ದರೆ, ಇವನ ಮಾತು ವಾರಕ್ಕೊಂದು ಸಲ ಬದಲಾಗುತ್ತದೆ ಎನ್ನುತ್ತಾರೆ. ಅದು ಸರಿಯೂ ಹೌದು.

ಇಪ್ಪತ್ತಾರರ ಭಾನುವಾರ ಎಲ್ಲರೂ ಇರುತ್ತಾರೆ. ಬರುವುದಿದ್ದರೆ ಬನ್ನಿ. ನಾನು ನಿಮ್ಮ ಪಕ್ಕದಲ್ಲಿ ನಿಲ್ಲುತ್ತೇನೆ. ಬರದಿದ್ದರೆ ಬೋರ್ಡು ಹಾಗೆಯೇ ಹೋಗುತ್ತದೆ, ನಿಮ್ಮ ಹೆಸರು ಉಳಿಯುತ್ತದೆ. ನಾನಾಗಿ ಯಾರಿಗೂ ಹೇಳುವುದಿಲ್ಲ. ಯಾರಾದರೂ ಕೇಳಿದರೆ ಮಾತ್ರ ಹೇಳುತ್ತೇನೆ, ಅದನ್ನು ಬಿಡಲು ನನಗೆ ಬರುವುದಿಲ್ಲ.

ಜಲಜತ್ತೆಗೆ ಹೇಳಿ, ಅವರ ಕಾಗದಕ್ಕೆ ನನಗೆ ಬೇಸರವಾಗಿರಲಿಲ್ಲ. ನನ್ನನ್ನು ಮಗು ಎಂದು ಕರೆಯುವವರು ದಿಲ್ಲಿಯಲ್ಲಿ ಈಗ ಯಾರೂ ಇಲ್ಲ.

ಹಿತೇಶ್

*

(ಪೋಸ್ಟ್‌ಕಾರ್ಡು)

ನಾಗಪುರ
14 ಮಾರ್ಚ್ 2006

ಹಿತೇಶ,

ಶನಿವಾರ ಇಪ್ಪತ್ತೈದರ ಬೆಳಿಗ್ಗೆ ನಿಜಾಮುದ್ದೀನಿನಲ್ಲಿ ಇಳಿಯುತ್ತೇವೆ. ಜಲಜಾಳೂ ಬರುತ್ತಾಳೆ. ಅವಳು ಆ ಝೀಲನ್ನು ಒಂದು ಸಲವೂ ನೋಡಿಲ್ಲ, ಇರುವಾಗಲೇ ನೋಡಬೇಕಂತೆ. ಉಳಿಯಲು ಆಫೀಸಿನ ಗೆಸ್ಟ್ ಹೌಸಿದೆ. ಸಾನ್ಯಾಲರಿಗೆ ಮೊದಲೇ ಏನೂ ತಿಳಿಸಬೇಡ.

ಪಕ್ಕದಲ್ಲಿ ನಿಲ್ಲುತ್ತೇನೆ ಎಂದು ಬರೆದಿದ್ದೀ. ಬೇಡ, ಎದುರಿಗೆ ನಿಲ್ಲು. ನಾನು ಹೇಳಬೇಕಾದದ್ದು ನಿನಗೆ. ಅವರೆಲ್ಲ ಕೇಳಿಸಿಕೊಳ್ಳಲಿ.

ಇಂದು ಮಾಮ